ಕರಪತ್ರದಲ್ಲಿ ಇಲ್ಲದ ಸಾಲು

ಜೂನ್ ತಿಂಗಳು ಬಂತೆಂದರೆ ದಾವಣಗೆರೆಯ ವಿದ್ಯಾನಗರದಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ರಸ್ತೆ ದಾಟುವುದು ಕಷ್ಟ. ಖಾಸಗಿ ಶಾಲೆಗಳ ಹಳದಿ ಬಸ್ಸುಗಳು, ಮಕ್ಕಳನ್ನು ತುಂಬಿಕೊಂಡ ಆಟೋಗಳು, ಟೈ ಕಟ್ಟಿದ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡ ಅಪ್ಪಂದಿರು. ಬಡಾವಣೆಗೆ ಇಟ್ಟ ಹೆಸರು ಸುಳ್ಳಾಗಿಲ್ಲ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿದ ಮೇಲೆ, ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ಈ ಊರು ನಿಧಾನವಾಗಿ ಕಾಲೇಜುಗಳ ಊರಾಯಿತು. 1997ರ ಆಗಸ್ಟ್ 15ರಂದು ಜಿಲ್ಲಾ ಕೇಂದ್ರವೂ ಆಯಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಶಾಲೆಗಳು ಒಂದರ ಪಕ್ಕ ಒಂದು ತೆರೆದವು.

ಇದೇ ವಿದ್ಯಾನಗರದ ಮನೆಗಳಿಗೆ ಪಾತ್ರೆ ತೊಳೆಯಲು, ನೆಲ ಒರೆಸಲು ಬರುವ ಹೆಂಗಸರಲ್ಲಿ ಹಲವರು ಹಳೇ ಊರಿನವರು. ಆಜಾದ್ ನಗರ, ಬಾಷಾ ನಗರ, ಮಂಡಕ್ಕಿ ಭಟ್ಟಿಗಳ ಸುತ್ತಮುತ್ತಲಿನವರು. ಕಳೆದ ಜೂನಿನಲ್ಲಿ ಅಂಥ ಒಬ್ಬ ತಾಯಿ ನಮ್ಮ ಮನೆಯ ಗೇಟಿನ ಬಳಿ ನಿಂತು ಒಂದು ಕಾಗದ ಚಾಚಿದರು. "ಭಾಯ್, ಇಸ್ಮೆ ಕ್ಯಾ ಲಿಖ್ಯಾ ಹೈ, ಜರಾ ಪಡ್ಕೊ ಬೋಲೊ" ಎಂದರು. ಮಗಳು ಓದಿದ ಸರ್ಕಾರಿ ಉರ್ದು ಶಾಲೆಯ ಕಡೆಯಿಂದ ಕೈಗೆ ಬಂದ ಕರಪತ್ರ ಅದು. ಸರ್ಕಾರಿ ಶಾಲೆಗೆ ಮಕ್ಕಳನ್ನು ಸೇರಿಸಿ, ಅಲ್ಲಿ ಏನೇನು ಸಿಗುತ್ತದೆ ನೋಡಿ ಎಂದು ದಾಖಲಾತಿ ಆಂದೋಲನದ ದಿನಗಳಲ್ಲಿ ಹಂಚುವಂಥದ್ದು.

ಮಗಳು ಪಕ್ಕದಲ್ಲೇ ಇದ್ದಳು. ಏಳನೇ ತರಗತಿ ಮುಗಿಸಿದವಳು. "ನೀನೇ ಓದಿ ಅಮ್ಮನಿಗೆ ಹೇಳಬಹುದಲ್ಲ ಬೇಟಿ" ಎಂದೆವು. ಅವಳು ಕಾಗದ ತೆಗೆದುಕೊಂಡು "ಉ... ಚಿ... ತ" ಎಂದು ಕೂಡಿಸಿ ಓದಿದಳು. ಮುಂದಿನ ಪದಕ್ಕೂ ಹಾಗೇ ಹೋದಳು. ಆಮೇಲೆ ನಿಂತುಬಿಟ್ಟಳು. "ಅಕ್ಷರಾಂ ಆತೆ, ಮತ್ಲಬ್ ನೈ ಆತಾ" ಎಂದಳು. ಅಕ್ಷರಗಳು ಬರುತ್ತವೆ, ಅರ್ಥ ಬರುವುದಿಲ್ಲ.

ಕಥೆಗಾರರಾದ ನಮ್ಮಿಂದ ಪತ್ರಿಕೆಗಳು ಸಾಮಾನ್ಯವಾಗಿ ಕಥೆ, ಕವಿತೆಗಳ ವಿಮರ್ಶೆಯನ್ನು ಕೇಳುತ್ತವೆ. ಈ ಸಲ ಆ ಒಂದು ಪುಟದ ಕರಪತ್ರವನ್ನೇ ಓದಬೇಕೆನಿಸಿತು. ಒಂದು ಸರ್ಕಾರ ತನ್ನ ಮಕ್ಕಳಿಗೆ ಏನು ಕೊಡುತ್ತಿದೆ, ಕೊಡುವಾಗ ಯಾವ ಮಾತು ಬಳಸುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದೆಲ್ಲ ಅಂಥ ಪುಟದಲ್ಲಿ ಸಿಗುತ್ತದೆ.

ಮೊದಲು ಅಲ್ಲಿ ಇದ್ದದ್ದನ್ನು ಹೇಳಬೇಕು. ಉಚಿತ ಪಠ್ಯಪುಸ್ತಕ, ಉಚಿತ ಸಮವಸ್ತ್ರ, ಶೂ ಮತ್ತು ಸಾಕ್ಸ್, ಮಧ್ಯಾಹ್ನದ ಬಿಸಿಯೂಟ, ಹಾಲು, ರಾಗಿ ಮಾಲ್ಟ್, ಮೊಟ್ಟೆ ಅಥವಾ ಬಾಳೆಹಣ್ಣು, ವಿದ್ಯಾರ್ಥಿವೇತನ, ಆರೋಗ್ಯ ತಪಾಸಣೆ, ಪ್ರತಿಭಾ ಕಾರಂಜಿ. ಈ ಪಟ್ಟಿಯನ್ನು ನೋಡಿ ಮೂಗು ಮುರಿಯುವುದು ವಿದ್ಯಾನಗರದಲ್ಲಿ ಕುಳಿತವರಿಗೆ ಸುಲಭ. ಹಳೇ ಊರಿನಲ್ಲಿ ಹಾಗಲ್ಲ. ಹೊಟ್ಟು, ಹೊಗೆ ಮತ್ತು ಸುಡುವ ಮರಳಿನ ನಡುವೆ ಮಂಡಕ್ಕಿ ಹುರಿಯುವ ಭಟ್ಟಿಗಳಲ್ಲಿ ಅಪ್ಪ ಅಮ್ಮನ ಜೊತೆ ಮಕ್ಕಳೂ ನಿಲ್ಲುತ್ತಿದ್ದ ಊರು ಇದು. ಅಂಥ ಮಗು ಶಾಲೆಗೆ ಹೋದರೆ ಮನೆಗೆ ಒಂದು ಕೈ ಕಡಿಮೆ, ತಟ್ಟೆ ಮಾತ್ರ ಅಷ್ಟೇ. ಆ ತಟ್ಟೆಯನ್ನು ಶಾಲೆ ತುಂಬಿದ್ದು ಸಣ್ಣ ಮಾತಲ್ಲ.

ಈ ತಟ್ಟೆಗೂ ಒಂದು ಚರಿತ್ರೆಯಿದೆ. ಮದರಾಸು ರಾಜ್ಯದಲ್ಲಿ ಕಾಮರಾಜರ ಕಾಲದಲ್ಲಿ ಆರಂಭವಾಗಿ, ತಮಿಳುನಾಡಿನಲ್ಲಿ 1982ರಲ್ಲಿ ಎಂ.ಜಿ.ಆರ್. ವಿಸ್ತರಿಸಿದ ಶಾಲಾ ಊಟ ನಮ್ಮಲ್ಲಿಗೆ ಬರಲು ಬಹಳ ತಡವಾಯಿತು. 1995ರಲ್ಲಿ ಕೇಂದ್ರದ ಯೋಜನೆ ಬಂದಾಗಲೂ ನಮ್ಮ ಮಕ್ಕಳಿಗೆ ಸಿಕ್ಕಿದ್ದು ತಿಂಗಳಿಗೆ ಮೂರು ಕಿಲೋ ಅಕ್ಕಿ. ಮಗು ಚೀಲ ಹೊತ್ತು ಮನೆಗೆ ಹೋಗುತ್ತಿತ್ತು, ಆ ಅಕ್ಕಿಯಲ್ಲಿ ಮಗುವಿನ ಹೊಟ್ಟೆ ಸೇರಿದ್ದು ಎಷ್ಟೋ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು, ಪಿಯುಸಿಎಲ್ ಹೂಡಿದ್ದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ, ಬೇಯಿಸಿದ ಊಟವನ್ನೇ ಕೊಡಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, 2003ರಲ್ಲಿ ಉಳಿದ ಜಿಲ್ಲೆಗಳಿಗೂ ಬಂತು. ಅಂದರೆ ಇದು ಯಾವ ಪಕ್ಷವೂ ಕನಸಿನಲ್ಲಿ ಕಂಡು ಕೊಟ್ಟದ್ದಲ್ಲ. ಹಸಿದವರ ಪರವಾಗಿ ಕೆಲವರು ನ್ಯಾಯಾಲಯದಲ್ಲಿ ಕೇಳಿ ಪಡೆದದ್ದು.

ಆದರೆ ಕರಪತ್ರದಲ್ಲಿ ಈ ಚರಿತ್ರೆ ಇಲ್ಲ. ಅಲ್ಲಿರುವುದು ಹೆಸರುಗಳು. ಬಿಸಿಯೂಟಕ್ಕೆ 'ಅಕ್ಷರ ದಾಸೋಹ'. 2013ರ ಆಗಸ್ಟ್ 1ರಂದು ಆರಂಭವಾದ ಹಾಲಿಗೆ 'ಕ್ಷೀರ ಭಾಗ್ಯ'. ಅದರ ನಂತರ ಬಂದದ್ದು 'ಶೂ ಭಾಗ್ಯ'. ಈ ಎರಡು ಮಾತುಗಳ ನಡುವಿನ ದೂರವನ್ನು ನಾವು ಗಮನಿಸಬೇಕು.

ದಾಸೋಹ ಎಂಬುದು ಹನ್ನೆರಡನೆಯ ಶತಮಾನದ ಶರಣರು ನಮಗೆ ಕೊಟ್ಟ ದೊಡ್ಡ ಮಾತು. ದುಡಿದದ್ದನ್ನು ಹಂಚುವಾಗ ಕೊಡುವವನೇ ದಾಸ ಎಂಬುದು ಅದರ ಒಳಗಿನ ತಿಳಿವಳಿಕೆ. ಪಡೆಯುವವನು ತಲೆ ತಗ್ಗಿಸಬೇಕಾಗಿಲ್ಲ. ನಮ್ಮ ದರ್ಗಾಗಳ ಲಂಗರ್‌ನಲ್ಲೂ ಇದೇ ಭಾವವಿದೆ. ಸಾಲಿನಲ್ಲಿ ಕುಳಿತವನ ಜಾತಿ, ಧರ್ಮ ಯಾರೂ ಕೇಳುವುದಿಲ್ಲ. ಹಾಗಾಗಿ ಶಾಲೆಯ ಊಟಕ್ಕೆ ದಾಸೋಹ ಎಂಬ ಹೆಸರಿಟ್ಟವರು ಕನ್ನಡವನ್ನು ಬಲ್ಲವರು ಎಂದು ಒಪ್ಪುತ್ತೇವೆ. ಆದರೆ ಈ ದಾಸೋಹದಲ್ಲಿ ನಿಜವಾಗಿ ದುಡಿಯುವವರು ಯಾರು? ಬೆಳಿಗ್ಗೆಯಿಂದ ಒಲೆಯ ಮುಂದೆ ನಿಲ್ಲುವ ಅಡುಗೆಯ ಹೆಂಗಸರು. ಅವರಿಗೆ ಸಿಗುವುದಕ್ಕೆ ಕೂಲಿ ಎಂದೂ ಹೆಸರಿಲ್ಲ, ಸಂಬಳ ಎಂದೂ ಹೆಸರಿಲ್ಲ. 'ಗೌರವಧನ' ಎನ್ನುತ್ತಾರೆ. ಅದನ್ನು ಹೆಚ್ಚಿಸಿ ಎಂದು ಅವರು ಬೆಂಗಳೂರಿಗೆ ಹೋಗಿ ಮತ್ತೆ ಮತ್ತೆ ಧರಣಿ ಕೂತಿದ್ದಾರೆ. ಗೌರವ ಎಂಬ ಮಾತನ್ನು ಸೇರಿಸಿದ್ದೇ ಧನವನ್ನು ಕಡಿಮೆ ಮಾಡಲಿಕ್ಕೋ ಎಂಬ ಅನುಮಾನ ಬರುವಂತಾಗಿದೆ.

'ಭಾಗ್ಯ'ದ ಕಥೆ ಬೇರೆ. ಭಾಗ್ಯ ಎಂದರೆ ಹಣೆಬರಹ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಯಾರನ್ನೂ ಕೇಳುವ ಹಾಗಿಲ್ಲ. ಸೈಕಲ್ಲಿನ ಉದಾಹರಣೆ ನೋಡಿ. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂದಾಗ ಹರಿಹರದ ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ ತುಳಿದು ಬರುವುದನ್ನು ನೋಡಿ ಸಂತೋಷಪಟ್ಟವರು ನಾವು. ಕೊರೋನಾ ವರ್ಷಗಳಲ್ಲಿ ಅದು ನಿಂತಿತು. ಅಲ್ಪಸಂಖ್ಯಾತ ಮಕ್ಕಳಿಗೆ 2008ರಲ್ಲಿ ಆರಂಭವಾದ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 2022ರ ನವೆಂಬರಿನಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗೆ ಮಾತ್ರ ಸೀಮಿತಗೊಳಿಸಲಾಯಿತು. ಒಂದರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಶಿಕ್ಷಣದ ಹಕ್ಕಿನ ಕಾಯ್ದೆಯಿದೆಯಲ್ಲ ಎಂಬುದು ಕೊಟ್ಟ ಕಾರಣ. ಕಾಯ್ದೆ ನಿಜವಾಗಿ ಇದೆ. 2002ರ ಸಂವಿಧಾನ ತಿದ್ದುಪಡಿಯಿಂದ ಶಿಕ್ಷಣ ಮೂಲಭೂತ ಹಕ್ಕಾಯಿತು, 2010ರ ಏಪ್ರಿಲ್ 1ರಿಂದ ಕಾಯ್ದೆ ಜಾರಿಗೆ ಬಂತು. ಕಿತ್ತುಕೊಳ್ಳುವಾಗ ನೆನಪಾದ ಈ ಹಕ್ಕು ಎಂಬ ಪದ, ಕೊಡುವಾಗ ಮಾತ್ರ ಕರಪತ್ರದ ತಲೆಬರಹಕ್ಕೆ ಬರುವುದಿಲ್ಲ. ಅಲ್ಲಿ ಬರುವುದು ಸೌಲಭ್ಯ, ಉಚಿತ, ಭಾಗ್ಯ.

ಮೊಟ್ಟೆಯ ವಿಷಯದಲ್ಲೂ ಇದನ್ನೇ ಕಂಡೆವು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮೊದಲಾದ ಕಡೆ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಡ ಎನ್ನುವ ಮಗುವಿಗೆ ಬಾಳೆಹಣ್ಣು, ಚಿಕ್ಕಿ ಇದ್ದೇ ಇತ್ತು. ಬೇಕು ಎನ್ನುವ ಮಗುವಿನ ಪರವಾಗಿ ಮಾತಾಡಿದವರಲ್ಲಿ ಮಕ್ಕಳೇ ಮುಂದಿದ್ದರು ಎಂಬುದು ಸಮಾಧಾನದ ಸಂಗತಿ. ಮುಂದೆ ಅದು ಇಡೀ ರಾಜ್ಯಕ್ಕೆ ಬಂತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದ ಆರು ದಿನವೂ ಮೊಟ್ಟೆ ಸಿಗುವಂತಾಯಿತು. ಪ್ರತಿಷ್ಠಾನವನ್ನು ಅಭಿನಂದಿಸೋಣ. ದಾನಿಯ ಹೆಸರು ನಮ್ಮದೆಂದು ಹೆಮ್ಮೆ ಪಡುವವರಿಗೆ ಮಾತ್ರ ಒಂದು ಮಾತು: ಮೂರು ವರ್ಷಕ್ಕೆಂದು ಬಂದ ದಾನ ಮುಗಿದ ಮೇಲೂ ಮಗುವಿಗೆ ಹಸಿವೆ ಇರುತ್ತದೆ. ಅದರ ಹೊಣೆ ಸರ್ಕಾರದ್ದೇ.

ಉಡುಗೊರೆಯಾಗಿ ಬಂದದ್ದಕ್ಕೆ ಷರತ್ತು ಹಾಕುವುದು ಸುಲಭ. ಉಚಿತ ಸಮವಸ್ತ್ರದ ವಿಷಯದಲ್ಲಿ ಇದು ನಮ್ಮ ಹೆಣ್ಣುಮಕ್ಕಳಿಗೆ ಅರ್ಥವಾಯಿತು. ಬಡವರ ಮಗುವೂ ಶ್ರೀಮಂತರ ಮಗುವೂ ಒಂದೇ ಬಟ್ಟೆಯಲ್ಲಿ ಕೂರಲಿ ಎಂದು ಹುಟ್ಟಿದ್ದು ಸಮವಸ್ತ್ರ. ಅದು 2022ರ ಫೆಬ್ರುವರಿ 5ರ ಸರ್ಕಾರಿ ಆದೇಶದ ನಂತರ ಗೇಟು ಮುಚ್ಚುವ ಕೋಲಾಯಿತು. ಮಾರ್ಚ್ 15ರಂದು ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಹೆಣ್ಣುಮಗುವಿನ ಓದು ಏನಾಗುತ್ತದೆ ಎಂಬ ಪ್ರಶ್ನೆಯನ್ನೇ ಎಲ್ಲಕ್ಕಿಂತ ಮೇಲಿಟ್ಟರು. ನಮ್ಮ ಪ್ರಶ್ನೆಯೂ ಅಷ್ಟೇ ಆಗಿತ್ತು. ಪುಸ್ತಕ, ಊಟ, ಶೂ ಎಲ್ಲ ಕೊಟ್ಟು ಬೆಳೆಸಿದ ಹುಡುಗಿಯನ್ನು ಪರೀಕ್ಷೆಯ ಹೊತ್ತಿಗೆ ಗೇಟಿನಲ್ಲಿ ನಿಲ್ಲಿಸಿದರೆ ಅಷ್ಟು ವರ್ಷ ಕೊಟ್ಟದ್ದರ ಲೆಕ್ಕ ಏನು?

ಇಷ್ಟೂ ಕರಪತ್ರದಲ್ಲಿ ಇದ್ದ ಸಾಲುಗಳ ಮಾತು. ಇನ್ನು ಅಲ್ಲಿ ಇಲ್ಲದ ಸಾಲಿಗೆ ಬರೋಣ. ಆ ಹುಡುಗಿಗೆ ಏಳು ವರ್ಷ ಊಟ, ಬಟ್ಟೆ, ಪುಸ್ತಕ ಎಲ್ಲವೂ ಸಿಕ್ಕಿದ್ದವು. ಆದರೂ ತನಗೆ ಏನು ಸಿಕ್ಕಿದೆ ಎಂದು ಹೇಳುವ ಕನ್ನಡ ಕಾಗದವನ್ನು ಅವಳು ಓದಿ ತಿಳಿಯಲಾರಳು. ಇದು ಅವಳ ದಡ್ಡತನವಲ್ಲ. ಅವಳು ಉರ್ದುವಿನಲ್ಲಿ ಚೆನ್ನಾಗಿ ಓದುತ್ತಾಳೆ, ಲೆಕ್ಕದಲ್ಲಿ ಚುರುಕು.

ಉರ್ದು ಶಾಲೆಯ ಮಗುವಿನ ಸ್ಥಿತಿಯನ್ನು ಹೊರಗಿನವರು ಅಷ್ಟಾಗಿ ಬಲ್ಲವರಲ್ಲ. ಮನೆಯಲ್ಲಿ ಆ ಮಗು ಆಡುವುದು ದಖ್ಖನಿ. ಬೇಡ ಎನ್ನಲು 'ನಕ್ಕೊ', ಹೌದು ಎನ್ನಲು 'ಹೌ', ಏಕೆ ಎನ್ನಲು 'ಕೈಕು'. ಶಾಲೆಯ ಉರ್ದು ಪುಸ್ತಕ ತೆರೆದರೆ ಅಲ್ಲಿ 'ನಹೀಂ', 'ಜೀ ಹಾಂ', 'ಕ್ಯೋಂ'. ಅಂದರೆ ಮಾತೃಭಾಷೆಯ ಶಾಲೆಯಲ್ಲೇ ಮೊದಲ ದಿನ ಮಗುವಿಗೆ ತನ್ನ ಮಾತು ತಪ್ಪೆಂದು ತಿಳಿಯುತ್ತದೆ. ಅದರ ಮೇಲೆ ಕನ್ನಡ ಬರುತ್ತದೆ. ಉರ್ದು ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ. ಒಂದು ನೋಟ್‌ಬುಕ್ಕಿನ ಮೊದಲ ಪುಟ ಇನ್ನೊಂದರ ಕೊನೆಯ ಪುಟ. ಲೆಕ್ಕದ ಪುಸ್ತಕದಲ್ಲಿ ವಾಕ್ಯ ಒಂದು ದಿಕ್ಕಿಗೆ, ಅಂಕಿ ಇನ್ನೊಂದು ದಿಕ್ಕಿಗೆ. ಇದನ್ನೆಲ್ಲ ಆರು ವರ್ಷದ ಮಗು ನಿಭಾಯಿಸುತ್ತದೆ. ಮೂರು ಭಾಷೆಯ ಕೀಲಿಗಳನ್ನು ಒಂದೇ ಗೊಂಚಲಿನಲ್ಲಿಟ್ಟುಕೊಂಡ ಮಗುವನ್ನು ನಾವು 'ಹಿಂದುಳಿದ ಮಗು' ಎಂದು ಕರೆಯುತ್ತೇವೆ.

ಉರ್ದುವಿನಲ್ಲಿ 'ಳ' ಇಲ್ಲ, 'ಣ' ಇಲ್ಲ. ನಾವು ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಹೋದ ವರ್ಷ, ಪಾಠ ಓದಲು ನಿಲ್ಲಿಸಿದಾಗ 'ಹಳ್ಳಿ' ಎನ್ನಲು ಹೋಗಿ 'ಹಲ್ಲಿ' ಎಂದೆವು. ತರಗತಿಯೆಲ್ಲ ನಕ್ಕಿತು, ಮೇಷ್ಟರೂ ನಕ್ಕರು. ಆಮೇಲೆ ಎಷ್ಟೋ ತಿಂಗಳು 'ಳ' ಇರುವ ಪದ ಬಂದರೆ ಕೆಮ್ಮು ಬಂದವರಂತೆ ನಿಲ್ಲಿಸುತ್ತಿದ್ದೆವು. ಅದೇ ತರಗತಿಯಲ್ಲಿ 'ಖ', 'ಘ', 'ಫ' ಉಚ್ಚರಿಸಲು ಕಷ್ಟಪಡುತ್ತಿದ್ದ ಗೆಳೆಯರಿಗೆ ನಮ್ಮ ಬಾಯಿ ಸಹಾಯಕ್ಕೆ ಬರಬಹುದಿತ್ತು. ಅದನ್ನು ಯಾರೂ ಕೇಳಲಿಲ್ಲ. ನಮ್ಮ ನಾಲಿಗೆಯಲ್ಲಿ ಇಲ್ಲದ್ದು ಮಾತ್ರ ಎಲ್ಲರಿಗೂ ಕಂಡಿತು. ನಾವು ಹೇಗೋ ದಾಟಿದೆವು. ನಮ್ಮ ಜೊತೆ ಬಂದವರಲ್ಲಿ ಕೆಲವರು ದಾಟಲಿಲ್ಲ. ಅವರಲ್ಲಿ ಒಬ್ಬ ಒಳ್ಳೆಯ ಮೆಕ್ಯಾನಿಕ್ ಆದ. ಶಾಲೆ ಬಿಟ್ಟದ್ದು ತಲೆ ಇಲ್ಲದ್ದಕ್ಕೆ ಎಂದು ಇಂದೂ ಅವನು ತನ್ನ ಬಗ್ಗೆ ತಾನೇ ನಂಬಿದ್ದಾನೆ. ಇದಕ್ಕಿಂತ ದೊಡ್ಡ ನಷ್ಟ ನಮಗೆ ಗೊತ್ತಿಲ್ಲ.

ಈ ದಾಟುವಿಕೆ ಯಾವಾಗ ಬರುತ್ತದೆ ಎಂಬುದು ಮುಖ್ಯ. ಉರ್ದು ಪ್ರಾಥಮಿಕ ಶಾಲೆಗಳು ಇರುವಷ್ಟು ಉರ್ದು ಪ್ರೌಢಶಾಲೆಗಳು ನಮ್ಮ ರಾಜ್ಯದಲ್ಲಿ ಇಲ್ಲ. ಪದವಿಪೂರ್ವಕ್ಕೆ ಹೋದರೆ ಇನ್ನೂ ಕಡಿಮೆ. ಆದ್ದರಿಂದ ಏಳನೇ ತರಗತಿ ಮುಗಿಸಿದ ಮಗು ಒಂದು ಬೇಸಿಗೆ ರಜೆಯಲ್ಲಿ ಇನ್ನೊಂದು ಭಾಷೆಗೆ ಹಾರಬೇಕು. ಸಮಾಜ ವಿಜ್ಞಾನ, ವಿಜ್ಞಾನ, ಬೀಜಗಣಿತ ಎಲ್ಲವೂ ಹೊಸ ಭಾಷೆಯಲ್ಲಿ. ಗಂಡುಮಕ್ಕಳು ಗ್ಯಾರೇಜಿಗೆ, ಭಟ್ಟಿಗೆ, ಗುಜರಿ ಅಂಗಡಿಗೆ ಹೋಗುವುದು, ಹೆಣ್ಣುಮಕ್ಕಳು ಮನೆಯಲ್ಲಿ ಉಳಿಯುವುದು ಬಹಳ ಸಲ ಇದೇ ಹೊತ್ತಿನಲ್ಲಿ. ಬಡತನ, ಸಂಪ್ರದಾಯ ಎಂದು ನಾವು ಕಾರಣ ಹೇಳುತ್ತೇವೆ. ಅವು ಸುಳ್ಳಲ್ಲ. ಆದರೆ ಅರ್ಥವಾಗದ ಪಾಠವನ್ನು ದಿನಕ್ಕೆ ಆರು ಗಂಟೆ ಕೇಳುತ್ತಾ ಕೂರುವುದು ಎಂಥ ಶಿಕ್ಷೆ ಎಂಬುದನ್ನು ಯಾರೂ ಆ ಪಟ್ಟಿಗೆ ಸೇರಿಸುವುದಿಲ್ಲ.

ಕಾನೂನಿನಲ್ಲಿ ಕೊರತೆಯಿಲ್ಲ. 1956ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಕನ್ನಡ ಭಾಷಾ ಕಲಿಕೆ ಅಧಿನಿಯಮ 2015ರಲ್ಲಿ ಬಂತು, ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದಿತು. ಮೊದಲನೆಯದು ಉರ್ದುವಿನ ಬಾಗಿಲು, ಎರಡನೆಯದು ಕನ್ನಡದ ಬಾಗಿಲು. ಎರಡರ ನಡುವಿನ ಮೆಟ್ಟಿಲನ್ನು ಯಾರು ಕಟ್ಟಬೇಕು ಎಂಬುದು ಎಲ್ಲೂ ಬರೆದಿಲ್ಲ. ಹಲವು ಉರ್ದು ಶಾಲೆಗಳಲ್ಲಿ ಕನ್ನಡ ಹೇಳಿಕೊಡುವವರು 'ಅತಿಥಿ ಶಿಕ್ಷಕರು'. ಈ ಹೆಸರೂ ಗೌರವಧನದಂಥದ್ದೇ. ವರ್ಷಕ್ಕೊಬ್ಬ ಅತಿಥಿ ಬಂದು ಹೋದರೆ ಕನ್ನಡವೂ ಆ ಶಾಲೆಯಲ್ಲಿ ಅತಿಥಿಯಾಗಿಯೇ ಉಳಿಯುತ್ತದೆ. ಬರುವ ಶಿಕ್ಷಕರ ಶ್ರದ್ಧೆಯ ಬಗ್ಗೆ ನಮಗೆ ಅನುಮಾನವಿಲ್ಲ. ಕನ್ನಡವನ್ನು ಮನೆಮಾತಾಗಿ ಆಡುವ ಮಗುವಿಗೆ ಕಲಿಸುವ ವಿಧಾನ ಬೇರೆ, ಹೊಸದಾಗಿ ಕೇಳುವ ಮಗುವಿಗೆ ಕಲಿಸುವ ವಿಧಾನ ಬೇರೆ. ಎರಡನೆಯದಕ್ಕೆ ಅವರಿಗೆ ತರಬೇತಿ ಕೊಟ್ಟವರು ಯಾರು?

ಇಲಾಖೆಗೆ ಇದು ಆಗದ ಕೆಲಸವೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಸರ್ಕಾರಿ ಶಾಲೆಯ ಮೇಷ್ಟರುಗಳೇ ಕೂತು ರೂಪಿಸಿದ 'ನಲಿ-ಕಲಿ' ಮುಂದೆ ರಾಜ್ಯಕ್ಕೆಲ್ಲ ಬಂತು. ಕಾಡಂಚಿನ ಮಕ್ಕಳು ಏಕೆ ಶಾಲೆ ಬಿಡುತ್ತಾರೆ ಎಂದು ಕೇಳಿಕೊಂಡವರಿಗೆ ಉತ್ತರ ಹೊಳೆಯಿತು. ಪ್ರತಿ ಜೂನಿನಲ್ಲಿ 'ಸೇತುಬಂಧ' ಎಂಬ ಕಾರ್ಯಕ್ರಮ ನಡೆಯುತ್ತದೆ. ಹಿಂದಿನ ತರಗತಿಯಲ್ಲಿ ಕಲಿತದ್ದನ್ನು ನೆನಪಿಸಿ ಮುಂದಿನ ತರಗತಿಗೆ ಸೇರಿಸುವ ಸೇತುವೆ. ಎಷ್ಟು ಒಳ್ಳೆಯ ಹೆಸರು! ಆದರೆ ಅದು ಆರರಿಂದ ಏಳಕ್ಕೆ, ಏಳರಿಂದ ಎಂಟಕ್ಕೆ ಕಟ್ಟುವ ಸೇತುವೆ. ಉರ್ದುವಿನಿಂದ ಕನ್ನಡಕ್ಕೆ ಕಟ್ಟಿದ್ದನ್ನು ನಾವು ಕಾಣೆವು. ಪ್ರತಿಭಾ ಕಾರಂಜಿಯಲ್ಲಿ ಕವ್ವಾಲಿ, ಗಝಲ್ ಸ್ಪರ್ಧೆಗಳಿವೆ. ಒಳ್ಳೆಯದೇ. ವೇದಿಕೆಯ ಮೇಲೆ ನಮ್ಮ ಮಕ್ಕಳು ಟೋಪಿ ಹಾಕಿ ಚಪ್ಪಾಳೆ ತಟ್ಟುವುದನ್ನು ನೋಡಿ ಅಧಿಕಾರಿಗಳಿಗೂ ನಮಗೂ ಖುಷಿ. ಅದೇ ಮಕ್ಕಳು ಕನ್ನಡ ಭಾಷಣ ಸ್ಪರ್ಧೆಯ ಸಾಲಿನಲ್ಲೂ ನಿಲ್ಲುವಂತಾದಾಗ ಆ ಕಾರಂಜಿ ಪೂರ್ತಿ ಚಿಮ್ಮಿದಂತೆ.

ಇದು ನಮ್ಮ ಜಿಲ್ಲೆಯೊಂದರ ಕಷ್ಟವಲ್ಲ. ಅಮೆರಿಕದಲ್ಲಿ ಸಾರ್ವಜನಿಕ ಶಾಲೆಗಳನ್ನು ಬಹುತೇಕ ಕಡೆ ಚುನಾಯಿತ ಮಂಡಳಿಯಿರುವ ಶಾಲಾ ಜಿಲ್ಲೆಗಳು ನಡೆಸುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದ ಅಂಥ ಶಾಲಾ ಜಿಲ್ಲೆಯ ಮೇಲೆ, ಇಂಗ್ಲಿಷ್ ಬಾರದ ಚೀನೀ ಮಕ್ಕಳ ಪರವಾಗಿ ಮೊಕದ್ದಮೆ ಹೂಡಲಾಗಿತ್ತು. ಎಲ್ಲರಿಗೂ ಕೊಟ್ಟ ಪುಸ್ತಕ, ಶಿಕ್ಷಕರು, ಪಠ್ಯವನ್ನೇ ಇವರಿಗೂ ಕೊಟ್ಟಿದ್ದೇವಲ್ಲ ಎಂಬುದು ಆಡಳಿತದ ವಾದ. 1974ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಭಾಷೆಯೇ ತಿಳಿಯದ ಮಗುವಿಗೆ ಎಲ್ಲರಿಗೂ ಕೊಟ್ಟದ್ದನ್ನೇ ಕೊಟ್ಟರೆ ಅದು ಸಮಾನತೆಯಾಗುವುದಿಲ್ಲ ಎಂದಿತು. ಅಲ್ಲಿನ ಮಕ್ಕಳಿಗೆ ಭಾಷೆ ಕಲಿಸುವುದೇ ಶಾಲಾ ಜಿಲ್ಲೆಗಳ ಒಂದು ಸೇವೆಯಾಗಿ ಬೆಳೆಯಲು ಈ ತೀರ್ಪು ಮುಖ್ಯ ಕಾರಣ. ನಮ್ಮ ಕರಪತ್ರದಲ್ಲಿ ಇಲ್ಲದ ಸಾಲು ಇದೇ.

ಈ ಮಾತಿಗೆ ಎರಡು ಕಡೆಯಿಂದ ಸಿಟ್ಟು ಬರುತ್ತದೆಂದು ಗೊತ್ತು. ಉರ್ದು ಶಾಲೆಗಳೇ ಏಕೆ ಬೇಕು, ಮುಚ್ಚಿ ಕನ್ನಡ ಶಾಲೆಗೆ ಸೇರಿಸಿ ಎನ್ನುವವರು ಒಂದು ಕಡೆ. 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಬೆಂಗಳೂರಿನಲ್ಲಿ ಹೆಣಗಳು ಬಿದ್ದದ್ದನ್ನು ಕಂಡ ನಮಗೆ, ಭಾಷೆಯನ್ನು ಕಿತ್ತುಕೊಂಡು ಭಾಷೆ ಕಲಿಸುವ ಮಾತು ಭಯ ಹುಟ್ಟಿಸುತ್ತದೆ. ಮನೆಯ ಮಾತನ್ನು ಗೌರವಿಸದ ಶಾಲೆಯಲ್ಲಿ ಮಗು ಬಾಯಿ ಬಿಡುವುದಿಲ್ಲ. ಬಾಯಿ ಬಿಡದ ಮಗು ಕನ್ನಡವನ್ನೂ ಕಲಿಯುವುದಿಲ್ಲ.

ಇನ್ನೊಂದು ಕಡೆ ನಮ್ಮವರೇ. ಉರ್ದು ನಮ್ಮ ಅಸ್ಮಿತೆ, ಅದಕ್ಕೆ ಕೈ ಹಚ್ಚಬೇಡಿ ಎನ್ನುತ್ತಾರೆ. ಮುಶಾಯಿರಾಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು 'ವಾಹ್ ವಾಹ್' ಎನ್ನುವ ಈ ಹಿರಿಯರ ಮೊಮ್ಮಕ್ಕಳು ಓದುವುದು ಇಂಗ್ಲಿಷ್ ಶಾಲೆಯಲ್ಲಿ. ಉರ್ದುವನ್ನು ಉಳಿಸುವ ಭಾರವನ್ನು ಮಂಡಕ್ಕಿ ಭಟ್ಟಿಯ ಮಕ್ಕಳ ತಲೆಗೆ ಹೊರಿಸಿದ್ದೇವೆ. ಮುಸ್ಲಿಮರ ಮಕ್ಕಳೆಲ್ಲ ಮದರಸಾಗೆ ಹೋಗುತ್ತಾರೆ ಎಂಬ ಮಾತನ್ನು 2006ರ ಸಾಚಾರ್ ಸಮಿತಿ ವರದಿ ಸುಳ್ಳು ಮಾಡಿತು. ಶಾಲೆಯ ವಯಸ್ಸಿನ ನೂರು ಮಕ್ಕಳಲ್ಲಿ ಮದರಸಾಗೆ ಹೋಗುವವರು ಮೂರು ನಾಲ್ಕು ಮಂದಿ ಮಾತ್ರ ಎಂದು ತೋರಿಸಿತು. ಬಹುಪಾಲು ಮಕ್ಕಳ ಗತಿ ಸರ್ಕಾರಿ ಶಾಲೆಯೇ. ಹಾಗಿರುವಾಗ ಸಮುದಾಯದ ಮುಖಂಡರು ಸರ್ಕಾರಿ ಉರ್ದು ಶಾಲೆಯ ಬಾಗಿಲಲ್ಲಿ ಎಷ್ಟು ಸಲ ನಿಂತಿದ್ದಾರೆ? ನಾವೂ ಈ ಪ್ರಶ್ನೆಯಿಂದ ಹೊರಗಿಲ್ಲ. ಸರ್ಕಾರಿ ಶಾಲೆಯ ಬಗ್ಗೆ ಇಷ್ಟು ಪುಟ ಬರೆಯುವ ನಮ್ಮ ಮಕ್ಕಳು ಹತ್ತುವುದು ಅದೇ ಹಳದಿ ಬಸ್ಸನ್ನು. ನಾಚಿಕೆಯಾಗುತ್ತದೆ. ನಾಚಿಕೆ ಪಟ್ಟುಕೊಂಡು ಸುಮ್ಮನಾಗುವುದು ಅದಕ್ಕಿಂತ ಕೆಟ್ಟದ್ದೆಂದು ಬರೆಯುತ್ತಿದ್ದೇವೆ.

ಸರ್ಕಾರ ಕಂಡುಕೊಂಡ ಉತ್ತರ ಇಂಗ್ಲಿಷ್. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಅಲ್ಪಸಂಖ್ಯಾತರ ಇಲಾಖೆಯ ಮೌಲಾನಾ ಆಜಾದ್ ಮಾದರಿ ಶಾಲೆಗಳೂ ಇಂಗ್ಲಿಷ್ ಮಾಧ್ಯಮದವು. ಬಡವರಿಗೆ ಇಂಗ್ಲಿಷ್ ಬೇಡ ಎನ್ನಲು ನಮಗೆ ನೈತಿಕ ಹಕ್ಕಿಲ್ಲ. ಆದರೆ ದಖ್ಖನಿ ಆಡುವ ಮಗುವಿಗೆ ಉರ್ದುವಿನಿಂದ ಕನ್ನಡಕ್ಕೆ ಸೇತುವೆ ಕಟ್ಟಲಾಗದ ವ್ಯವಸ್ಥೆ, ಇಂಗ್ಲಿಷಿಗೆ ಹೇಗೆ ಕಟ್ಟುತ್ತದೆ? ಈ ಮಗು ನಾಳೆ ಹೋಗಬೇಕಾದ ನಗರಪಾಲಿಕೆ, ಪೊಲೀಸ್ ಠಾಣೆ, ತಾಲ್ಲೂಕು ಕಚೇರಿ, ಸರ್ಕಾರಿ ಆಸ್ಪತ್ರೆ ಎಲ್ಲವೂ ಕನ್ನಡದಲ್ಲಿ ನಡೆಯುತ್ತವೆ. ಕನ್ನಡ ಬಾರದೆ ಇಲ್ಲಿ ಬದುಕುವುದೆಂದರೆ ಸದಾ ಯಾರದೋ ಗೇಟಿನ ಬಳಿ ಕಾಗದ ಹಿಡಿದು ನಿಲ್ಲುವುದು.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಕನ್ನಡ ನಾಡೆಲ್ಲ ಸಂಭ್ರಮಿಸಿತು. ಎಂಟು ವರ್ಷದ ಹುಡುಗಿಯಾಗಿ ಅವರು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಶನರಿ ಶಾಲೆಗೆ ಸೇರಿದಾಗ, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬ ಷರತ್ತು ಇತ್ತಂತೆ. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಇದನ್ನು ಪ್ರತಿಭೆಯ ಕಥೆಯಾಗಿ ಎಲ್ಲರೂ ಹೇಳುತ್ತಾರೆ. ನಮಗೆ ಆ ಷರತ್ತೇ ಮತ್ತೆ ಮತ್ತೆ ನೆನಪಾಗುತ್ತದೆ. ಆರು ತಿಂಗಳಲ್ಲಿ ಕಲಿಯದೆ ವಾಪಸಾದ ಮಕ್ಕಳೂ ನಮ್ಮ ನಡುವೆ ಇದ್ದಾರೆ. ಅವರು ಬರೆಯದ ಕಥೆಗಳ ಲೆಕ್ಕ ಯಾರ ಹತ್ತಿರವೂ ಇಲ್ಲ.

ಮಾಡಬೇಕಾದದ್ದು ಬೆಟ್ಟದಷ್ಟೇನಿಲ್ಲ. ಉರ್ದು ಶಾಲೆಗಳಲ್ಲಿ ಕನ್ನಡಕ್ಕೆ ಕಾಯಂ ಶಿಕ್ಷಕರು ಬೇಕು. ಮನೆಮಾತು ಬೇರೆಯಿರುವ ಮಗುವಿಗೆ ಕನ್ನಡ ಕಲಿಸುವ ಬಗೆಯನ್ನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಅವರಿಗೆ ಹೇಳಿಕೊಡಬೇಕು. ದಖ್ಖನಿ ಮಾತಿನಿಂದ ಹೊರಟು ಕನ್ನಡ ತಲುಪುವ, ನಲಿ-ಕಲಿಯಂಥ ಕಾರ್ಡುಗಳನ್ನು ಇಲ್ಲಿನ ಮೇಷ್ಟರುಗಳೇ ಮಾಡಬಲ್ಲರು. ಏಳನೆಯ ತರಗತಿಯ ಬೇಸಿಗೆಗೆ ಕಾಯದೆ, ಐದನೆಯ ತರಗತಿಯಿಂದಲೇ ಒಂದೊಂದು ವಿಷಯದ ಮುಖ್ಯ ಪದಗಳನ್ನು ಎರಡೂ ಭಾಷೆಯಲ್ಲಿ ಕಲಿಸಬಹುದು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದಲೂ ಇವೆ. ಸಮಿತಿಯಲ್ಲಿ ಪೋಷಕರೇ ಹೆಚ್ಚಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಶಿಕ್ಷಣ ಹಕ್ಕಿನ ಕಾಯ್ದೆ ಹೇಳುತ್ತದೆ. ನಮ್ಮ ಗೇಟಿನ ಬಳಿ ನಿಂತ ಆ ತಾಯಿ ಅಂಥ ಸಮಿತಿಯಲ್ಲಿ ಕೂತು, ಈ ವರ್ಷ ಕನ್ನಡ ಕಲಿಸಲು ಯಾರು ಬರುತ್ತಾರೆ ಎಂದು ಕೇಳುವ ಹಕ್ಕುಳ್ಳವರು. ಅದು ಅವರಿಗೆ ತಿಳಿಯಬೇಕಾದರೆ ಕರಪತ್ರದ ಹಿಂಬದಿಯಲ್ಲಿ ಅದೇ ವಿಷಯವನ್ನು ಉರ್ದುವಿನಲ್ಲೂ ಅಚ್ಚು ಹಾಕಬೇಕು. ಆ ಖಾಲಿ ಪುಟಕ್ಕೆ ಬೇರೆ ಖರ್ಚಿಲ್ಲ.

ಆ ಹುಡುಗಿ ಈಗ ಕನ್ನಡ ಮಾಧ್ಯಮದ ಎಂಟನೇ ತರಗತಿಗೆ ಸೇರಿದ್ದಾಳೆ. ತಾಯಿ ಕೆಲಸ ಮುಗಿಸುವವರೆಗೆ ಸಂಜೆ ನಮ್ಮ ವರಾಂಡದಲ್ಲಿ ಕೂತು ಓದುತ್ತಾಳೆ. 'ಳ' ಬಂದಾಗ ನಿಲ್ಲಿಸುತ್ತಾಳೆ, ನಮ್ಮ ಮುಖ ನೋಡುತ್ತಾಳೆ. ನಾವು ನಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಮುಂದೆ ಹೋಗುತ್ತಾಳೆ. ಒಬ್ಬ ಹುಡುಗಿಗೆ ಒಂದು ವರಾಂಡ ಸಿಕ್ಕಿತೆಂದು ನೆಮ್ಮದಿ ಪಡುವ ಹಾಗಿಲ್ಲ. ಅದು ಮತ್ತೆ ಭಾಗ್ಯದ ಮಾತೇ ಆಗುತ್ತದೆ.

ಮುಂದಿನ ಜೂನಿನ ಕರಪತ್ರಕ್ಕೆ ನಾವು ಒಂದು ಸಾಲು ಬರೆದುಕೊಡುತ್ತೇವೆ. ಇಲಾಖೆ ಇದನ್ನು ಬಿಸಿಯೂಟದ ಕೆಳಗೆ, ಹಾಲಿನ ಮೇಲೆ, ಎಲ್ಲಿ ಬೇಕಾದರೂ ಸೇರಿಸಿಕೊಳ್ಳಲಿ: 'ಮನೆಯಲ್ಲಿ ಬೇರೆ ಭಾಷೆ ಆಡುವ ಮಗುವಿಗೆ, ಏಳನೇ ತರಗತಿ ಮುಗಿಯುವುದರೊಳಗೆ, ಈ ಕಾಗದವನ್ನು ತಾನೇ ಓದಿ ತಾಯಿಗೆ ತಿಳಿಸಿ ಹೇಳುವಷ್ಟು ಕನ್ನಡ ಕಲಿಸಲಾಗುವುದು. ಇದು ಮಗುವಿನ ಹಕ್ಕು.'